ಕೆಂಪು ಬಂದರೆ ನಗುತ್ತಿದ್ದ ಆಪಾ

ಆಪಾ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಣಕಾಲು ನೋಯುತ್ತದೆಂದು ಅಂಗಡಿ ಮುಚ್ಚಿ ಜಹೀರಾಬಾದಿನ ತಮ್ಮನ ಮನೆಗೆ ಹೋದಳು, ಅಷ್ಟೆ. ಆದರೆ ಬೀದರದ ನಮ್ಮ ನೌಬಾದಿನಲ್ಲಿ ಈಗ ಆಕೆಯ ಮಾತು ಬಂದರೆ ಜನ ದನಿ ಇಳಿಸುತ್ತಾರೆ. "ಎಂಥಾ ಹೆಣ್ಮಗಳು" ಎಂದು ತಲೆ ಅಲ್ಲಾಡಿಸುತ್ತಾರೆ. ಆಕೆ ಇಲ್ಲಿದ್ದಾಗ ಇದೇ ಜನ "ಆ ಬಾಯಿಗಿ ನಗೋದು ಬಿಟ್ರ ಬ್ಯಾರೆ ದಂಧಾ ಇಲ್ಲ" ಎನ್ನುತ್ತಿದ್ದರು. ನಾನೂ ಅಂದಿದ್ದೇನೆ. ಎದುರಿಗೇ ಅಂದಿದ್ದೇನೆ. ಅದಕ್ಕೂ ನಕ್ಕಳು.

ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ಓದಿ ಹೇಳುತ್ತಾರೆ, ಆಕೆ ಫೋನ್ ಮಾಡಿ ನಗುತ್ತಾಳೆ, ನನ್ನ ಒಲೆಯ ಮೇಲಿನ ರೊಟ್ಟಿ ಸುಡುತ್ತದೆ. ನಾನು ಆಕೆಗಿಂತ ಹದಿನೈದು ವರ್ಷ ದೊಡ್ಡವಳು. ಆದರೂ ಆಪಾ ಎಂದೇ ಕರೆದೆ. ಆಪಾ ಎಂದರೆ ಅಕ್ಕ. ಆಟೋದವರು ಆಪಾ ಎನ್ನುತ್ತಿದ್ದರು, ಬ್ಯಾಂಕಿನವರು ಆಪಾ ಎನ್ನುತ್ತಿದ್ದರು, ಆಕೆಯ ಸ್ವಂತ ಅತ್ತೆಯೂ ಆಪಾ ಎನ್ನುತ್ತಿದ್ದಳಂತೆ. ಆಕೆ ನನ್ನನ್ನು ಹಿರಿಯಳೆಂದು ಆಯಿ ಎನ್ನುತ್ತಿದ್ದಳು.

ಎಲ್ಲರಿಗೂ ಕೆಲಸ ಆದಾಗ ನಗು ಬರುತ್ತದೆ. ಈಕೆಗೆ ಕೆಲಸ ಕೆಟ್ಟಾಗ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ನಡೆದರೆ ಮುಖ ಸಪ್ಪಗೆ ಮಾಡಿಕೊಂಡು ಸೋಂಪು ಜಗಿಯುತ್ತ ಕೂಡುತ್ತಿದ್ದಳು. ತಪ್ಪಾದರೆ ಪರದೆಯ ಕೆಳಗೆ ಕೆಂಪು ಅಕ್ಷರ ಬರುತ್ತವೆ. ಅವು ಬಂದವೋ, ತೊಡೆ ಬಡಿದುಕೊಂಡು ಕೂಗುತ್ತಿದ್ದಳು. "ಆಯಿ, ಬಾ ಬಾ, ಕೆಂಪು ಬಂತು!" ಓಣಿಯಲ್ಲಿ ಬ್ಯಾಂಡಿನವರು ಬಂದಾಗ ಕರೆಯುತ್ತಾರಲ್ಲ, ಹಾಗೆ.

"ಕೆಟ್ಟದ್ದಕ್ಕ ನಗ್ತಿಯಲ್ಲ, ನಿನಗ ಹುಚ್ಚೇನು?" ಎಂದು ಕೇಳಿದೆ ಒಮ್ಮೆ.

"ಕೆಂಪು ಬಂತಂದ್ರ ಯಂತ್ರ ಮಾತಾಡ್ಲತ್ತದ ಅಂತ ತಿಳಿ ಆಯಿ. ಏನ್ ತ್ರಾಸ ಅದ ಅಂತ ತಾನೇ ಬಾಯಿ ಬಿಟ್ಟು ಹೇಳ್ತದ. ನನ್ನ ಗಂಡ ಇಪ್ಪತ್ತು ವರ್ಷದಾಗ ಒಂದಿನ ಹೇಳಿಲ್ಲ."

ಹಲ್ಲು ಮುರಿದಾಗಲೂ ನಕ್ಕಳು. ಕಡಕ್ ರೊಟ್ಟಿ ಕಚ್ಚಿದಳು, ಕಟ್ ಎಂದಿತು. ನಾನು ಮಾಡಿದ ರೊಟ್ಟಿಯೇ. ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು, "ನೋಡ್, ನಿನ್ನ ರೊಟ್ಟಿ ಗೆದ್ದದ" ಎಂದು ಓಣಿಯವರಿಗೆಲ್ಲ ತೋರಿಸಿ ಬಂದಳು. ಅದರಿಂದ ನನ್ನ ಗಿರಾಕಿ ಇಬ್ಬರು ಕಡಿಮೆಯಾದರು.

ಅಂಗಡಿ ಎಂದರೆ ಒಂದು ಕೋಣೆ. ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದು, ಅಂಗಡಿಗಳವರಿಗೆ ಇಂಟರ್ನೆಟ್ಟಿನಲ್ಲಿ ಪುಟ ಮಾಡಿಕೊಡುವುದು, ಎಲ್ಲ ಅಲ್ಲೇ. ಕಟ್ಟಿದವನು ನೆಲವನ್ನು ಬಾಗಿಲ ಕಡೆಗೆ ಇಳಿಜಾರು ಮಾಡಿಬಿಟ್ಟಿದ್ದ. ಆಕೆಯದು ಚಕ್ರದ ಕುರ್ಚಿ. ಚಪ್ಪಲಿ ಬಿಟ್ಟು, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವಳು. ಪ್ರಿಂಟರಿನ ಹತ್ತಿರ ಹೋಗಬೇಕಾದರೆ ಏಳುವುದಿಲ್ಲ, ಒಂದು ಕಾಲು ಬಿಡಿಸಿ ಗೋಡೆಗೆ ಒದೆಯುವಳು. ಒಂದು ದಿನ ನಗುವಿನಲ್ಲಿ ಒದೆತ ಜೋರಾಯಿತು. ಕುರ್ಚಿ ಪ್ರಿಂಟರ್ ದಾಟಿತು, ಬಾಗಿಲು ದಾಟಿತು, ರಸ್ತೆಗೆ ಇಳಿಯಿತು. ತೊಡೆಯ ಮೇಲೆ ಕೀಬೋರ್ಡ್, ಅದರ ವೈರು ಕಿತ್ತು ಬಾಲದ ಹಾಗೆ ಹಿಂದೆ ಬರುತ್ತಿತ್ತು. ಎದುರಿಗೆ ಆಟೋದವನು ಗಕ್ಕನೆ ನಿಲ್ಲಿಸಿದ.

"ಆಪಾ, ಎಲ್ಲಿ ಬಿಡ್ಬೇಕ್ರಿ?" ಎಂದ.

"ಬಸ್‌ಸ್ಟ್ಯಾಂಡಿಗಿ ಬಿಡಪಾ, ಕುರ್ಚಿ ಸಮೇತ" ಎಂದಳು.

ಅರ್ಜಿ ಬರೆಸಲು ಬಂದಿದ್ದ ಮಾಸ್ತರು ಒಳಗೆ ಬಾಯಿ ತೆರೆದು ಕುಳಿತಿದ್ದರು. ನಾನು ಹೋಗಿ ದಬ್ಬಿಕೊಂಡು ಬಂದೆ. ಹಗುರ ಹೆಂಗಸಲ್ಲ.

ಈ ಅಂಗಡಿ ಹಾಕುವ ಮುಂಚೆ ಆಕೆ ಔರಾದಿನ ತಹಸೀಲ ಕಚೇರಿಯ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಕೂಡುತ್ತಿದ್ದಳು. ಬೆಳಿಗ್ಗೆ ಒಬ್ಬ ಬಂದು ತಮ್ಮನ ಮೇಲೆ ಅರ್ಜಿ ಬರೆಸಿದನಂತೆ, ಹೊಲದ ಬದುವಿನ ತಕರಾರು. ಮಧ್ಯಾಹ್ನ ತಮ್ಮ ಬಂದು ಅಣ್ಣನ ಮೇಲೆ ಬರೆಸಿದ. ಈಕೆ ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ ಗುಮಾಸ್ತನಿಗೆ ಕೊಟ್ಟಳು. ಮರುದಿನ ಇಬ್ಬರೂ ಬೈಯಲು ಬಂದರು. ಬೈದು ಬೈದು ದಣಿದು ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿದರು. "ಬದು ಏನಾತು?" ಎಂದು ನಾನು ಕೇಳಿದೆ. "ಬದುವಿಗೇನಾಗ್ತದ, ಅಲ್ಲೇ ಅದ" ಎಂದಳು.

ನನಗೆ ಓದು ಬರುವುದು ಅಷ್ಟಕ್ಕಷ್ಟೆ. ಶಾಲೆಗೆ ಎರಡು ವರ್ಷ ಹೋಗಿದ್ದೆ, ಆಮೇಲೆ ಎಮ್ಮೆ ಕಾಯಲು ಹಚ್ಚಿದರು. ಆಪಾ ನನಗೆ ಕಲಿಸುತ್ತೇನೆ ಎಂದು ಎಂದೂ ಹೇಳಲಿಲ್ಲ, ಹೇಳಿದ್ದರೆ ನಾನು ಎದ್ದು ಹೋಗುತ್ತಿದ್ದೆ. "ನನ್ನ ಚಷ್ಮಾ ಸಿಗವಲ್ದು ಆಯಿ, ಇದೇನ್ ಬರದಾರ ನೋಡಿ ಹೇಳು" ಎನ್ನುತ್ತಿದ್ದಳು. ಚಷ್ಮಾ ಆಕೆಯ ಎದೆಯ ಮೇಲೇ ನೇತಾಡುತ್ತಿತ್ತು, ಲಂಗದ ಲಾಡಿ ಕಟ್ಟಿದ್ದಳು ಅದಕ್ಕೆ. ನಾನು ಕಂಡೂ ಕಾಣದವಳ ಹಾಗೆ ಓದಿ ಹೇಳುತ್ತಿದ್ದೆ. ಒಂದು ವರ್ಷ ಇಬ್ಬರೂ ಹೀಗೆ ಸುಳ್ಳು ಆಡಿದೆವು. ಈಗ ಬರೆಯುತ್ತಿದ್ದೇನೆಂದರೆ ಆ ಸುಳ್ಳಿನಿಂದ.

ಇನ್ನು ರೊಟ್ಟಿಯ ಸಂಗತಿ. ಆಕೆ ಎಂಥವಳೆಂದು ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ನಮ್ಮದು ಜೋಳದ ರೊಟ್ಟಿ ಬಡಿಯುವ ಹೆಂಗಸರ ಸಂಘ, ನೌಬಾದಿನದು. ಔರಾದಿನಲ್ಲಿ ಇನ್ನೊಂದು ಸಂಘ ಇದೆ. ಭಾಲ್ಕಿಯಲ್ಲಿ ಮತ್ತೊಂದು, ಅದು ನನ್ನ ತಂಗಿಯದು. ತಂಗಿ ಹುಟ್ಟಿದ್ದೇ ನನ್ನ ಜೊತೆ ಜಗಳಾಡಲು. ಬೀದರದಲ್ಲಿ ನರ್ಸಿಂಗ್ ಓದುವ ಹುಡುಗಿಯರ ಒಂದು ಹಾಸ್ಟೆಲಿಗೆ ದಿನಾ ಮೆತ್ತನೆಯ ಬಿಸಿ ರೊಟ್ಟಿ ಬೇಕಾಗಿತ್ತು. ಅಲ್ಲಿಯ ವಾರ್ಡನ್ ಬಾಯಿ ಖಡಕ್ ಹೆಂಗಸು. "ನಾ ಮೂರು ಕಡಿ ಫೋನ್ ಮಾಡ್ಕೋತ ಕೂಡಂಗಿಲ್ಲ. ಒಂದು ಪುಟ ಮಾಡ್ರಿ. ಮುಂಜಾನಿ ಯಾವ ಊರಾಗ ಎಷ್ಟು ರೊಟ್ಟಿ ಆಗ್ಯಾವ ಅಂತ ಅದರಾಗ ಕಾಣಬೇಕು. ಸೋಮವಾರ ಹತ್ತಕ್ಕ ಬಂದು ನೋಡ್ತೇನಿ. ಯಾವ ಊರು ಕಾಣಂಗಿಲ್ಲೋ ಆ ಊರು ಇಲ್ಲ" ಎಂದಳು.

ಆ ವಾರ ಎಕಂಬಾದಲ್ಲಿ ನಮ್ಮ ಬಳಗದ ಒಬ್ಬಳ ಕುಬಸ, ಬಸುರಿಯ ಸೀಮಂತ. ತಂಗಿ ನನ್ನನ್ನು ಹಿತ್ತಲಿಗೆ ಕರೆದಳು. ಜೀವಮಾನದಲ್ಲಿ ಮೊದಲ ಸಲ ಮೆತ್ತಗೆ ಮಾತಾಡಿದಳು. "ಅಕ್ಕಾ, ಈ ಹಾಸ್ಟೆಲ್ ಸಿಗ್ಲಿಲ್ಲಂದ್ರ ನಾ ಸಂಘ ಮುಚ್ಚತೇನಿ. ಹನ್ನೆರಡು ಹೆಣ್ಮಕ್ಕಳು ಹಂಚು ಎತ್ಕೊಂಡು ಮನಿಗಿ ಹೋಗ್ತಾರ."

ಅಷ್ಟಕ್ಕೇ ತಂಗಿಗೆ ನಾಚಿಕೆಯಾಗಿ, ನಾಲ್ಕು ಜನ ಕೇಳುವ ಹಾಗೆ ದನಿ ಎತ್ತಿದಳು. "ನಿಮ್ಮ ಬೀದರದವರ ಕಣ್ಣಿಗಿ ಭಾಲ್ಕಿ ಯಾವಾಗ ಬಿದ್ದದ?"

"ಸೋಮವಾರ ಹತ್ತಕ್ಕ ಬೀಳ್ತದ. ಕಣ್ಣು ತೊಳಕೊಂಡು ಕೂಡು" ಎಂದೆ ನಾನು. ಎಲ್ಲರೂ ಕೇಳಿಸಿಕೊಂಡರು.

ಹೇಳಿಬಿಟ್ಟೆ, ಆದರೆ ಗುರುವಾರ ಪುಟ ಮಾಡುತ್ತಿದ್ದ ಆಪಾಳ ಅಂಗಡಿಗೆ ಹೋದರೆ ಕೆಂಪು. ನೌಬಾದಿನದೂ ಔರಾದಿನದೂ ಕಾಣುತ್ತಿದ್ದವು. ಅವೆರಡರ ಲೆಕ್ಕ ಆಪಾಳ ಸರ್ವರಿನಲ್ಲೇ ಇತ್ತು. ಸರ್ವರ್ ಎಂದರೆ ಕೇಳಿದವರಿಗೆ ಪುಟ ಕೊಡುವ ದೊಡ್ಡ ಕಂಪ್ಯೂಟರ್. ಭಾಲ್ಕಿಯ ಲೆಕ್ಕ ಬೇರೆ ಸರ್ವರಿನಲ್ಲಿ, ಅಲ್ಲಿಯ ಕಾಲೇಜಿನ ಸರ್ ಒಬ್ಬರು ಮಾಡಿಕೊಟ್ಟದ್ದು. ನಮ್ಮ ಪುಟದಲ್ಲಿ ಭಾಲ್ಕಿ ಎಂದು ಬರೆದ ಮುಂದೆ ಜಾಗ ಖಾಲಿ.

"ಭಾಲ್ಕಿಯವರು ಕೊಡವಲ್ರೇನು?" ಎಂದೆ.

"ಕೊಟ್ಟಾರ ಆಯಿ. ಇಲ್ಲಿ ತನಕ ಬಂದದ. ಈ ಬ್ರೌಸರ್ ಅದಲ್ಲ, ನಾವು ಪುಟ ನೋಡೋದು, ಅದು ಬಾಗಿಲಾಗ ಹಿಡದದ. ಒಂದು ಮನಿ ಪುಟದಾಗ ಇನ್ನೊಂದು ಮನಿ ಮಾಲು ಬರಬೇಕಂದ್ರ ಮ್ಯಾಲೆ ಪರವಾನಗಿ ಚೀಟಿ ಇರಬೇಕು ಅಂತದ."

"ಬಾಗಿಲಿಗಿ ಬಂದದ್ದಕ್ಕ ಒಳಗ ಬಾ ಅನ್ನು. ಅಂಗಡಿ ನಿಂದು, ಬಾಗಿಲು ನಿಂದು."

"ನಾ ಅಂದ್ರ ನಡ್ಯಂಗಿಲ್ಲ. ಮಾಲು ಕಳಿಸಿದವರೇ ಚೀಟಿ ಹಚ್ಚಿ ಕಳಿಸಬೇಕು. 'ಬೀದರದ ಈ ಪುಟದವರು ಓದಬಹುದು, ನಮ್ಮ ಇಜಾಜತ್ ಅದ' ಅಂತ."

"ತಿನ್ನಲಿಕ್ಕೆ ಕುಂತವರು ನಾವು, ಬಾಯಿ ತೆರೀಲಿಕ್ಕೆ ಅವರ ಪರವಾನಗಿ?"

ಇದಕ್ಕೆ ಎಷ್ಟು ನಕ್ಕಳೆಂದರೆ ಸೋಂಪು ನೆತ್ತಿಗೆ ಹತ್ತಿತು. ಬೆನ್ನು ಗುದ್ದಿದೆ. ಸ್ವಲ್ಪ ಜೋರಾಗಿಯೇ ಗುದ್ದಿದೆ.

ಶನಿವಾರ ಆಪಾ ಭಾಲ್ಕಿ ಸರ್‌ಗೆ ಫೋನ್ ಮಾಡಿ ಅವರ ಸರ್ವರಿನ ಬೀಗದ ಮಾತು, ಅಂದರೆ ಪಾಸ್‌ವರ್ಡ್, ತೆಗೆದುಕೊಂಡಳು. ಚೀಟಿ ಹಚ್ಚುವ ಜಾಗ ಎರಡು ಇರುತ್ತವಂತೆ. ಭಾಲ್ಕಿಯ ಬಾಗಿಲಲ್ಲಿರುವ ಸರ್ವರ್ ಕೂಡ ಹಚ್ಚಬಹುದು, ಒಳಗೆ ಲೆಕ್ಕ ಇಡುವ, ಸರ್ ಬರೆದ ಪ್ರೋಗ್ರಾಮು ಕೂಡ ಹಚ್ಚಬಹುದು. ಆಪಾ ಬಾಗಿಲಿನ ಸರ್ವರಿನ ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದಳು.

"ಒಬ್ಬೊಬ್ಬರ ಹೆಸರಲೇ ಯಾಕ ಬರೀತಿ? ಊರಿಗೆಲ್ಲಾ ಪರವಾನಗಿ ಕೊಟ್ಟುಬಿಡು, ಪೀಡಾ ಹೋಗ್ತದ" ಎಂದೆ.

"ಕೊಡಬಹುದು. ಹೆಸರಿನ ಜಾಗಾದಾಗ ನಕ್ಷತ್ರದಂಥ ಒಂದು ಚುಕ್ಕಿ ಹಾಕಿದ್ರ ದುನಿಯಾ ಎಲ್ಲಾ ಓದ್ತದ. ಆದ್ರ ಭಾಲ್ಕಿ ಲೆಕ್ಕದಾಗ ಹೆಣ್ಮಕ್ಕಳ ಫೋನ್ ನಂಬರ್ ಅವ ಆಯಿ. ನಮ್ಮ ಪುಟ ಒಂದೇ ಸಾಕು."

ಬರೆದು, ಸರ್ವರ್‌ಗೆ ಹೊಸ ಸೆಟ್ಟಿಂಗ್ ಓದಿಸಿ, ಪುಟ ಮತ್ತೆ ತೆರೆದಳು. ಭಾಲ್ಕಿಯ ಮುಂದೆ ಅಂಕಿ ಬಂತು. ಕೆಂಪು ಹೋಯಿತು. ಆಪಾಳ ಮುಖ ಸಪ್ಪಗಾಯಿತು. ಅಲ್ಲಿಗೆ ಕೆಲಸ ಮುಗಿದಿತ್ತು. ನಾನು ಮುಗಿಯಗೊಡಲಿಲ್ಲ.

ನಮ್ಮ ಕಡೆ ಒಂದೇ ಅಂಗಳದಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೆ, ಕುಬಸಕ್ಕೆ ಕರೆಯಲು ಹೋದವರು ಎರಡೂ ಒಲೆಯ ಮುಂದೆ ನಿಂತು ಕುಂಕುಮ ಹಚ್ಚಿ ಕರೆಯಬೇಕು. ಮುಂದಿನ ಬಾಗಿಲವರನ್ನು ಕರೆದು ಒಳಗಿನವರನ್ನು ಬಿಟ್ಟರೆ ಮಾತು ಬಿಡುತ್ತಾರೆ. ನಾನೇ ಒಬ್ಬರ ಜೊತೆ ಮೂರು ವರ್ಷ ಬಿಟ್ಟಿದ್ದೆ. ಭಾನುವಾರ ರೊಟ್ಟಿ ಬಡಿಯುತ್ತ ಇದೇ ಯೋಚನೆ ಬಂತು. ಆಪಾ ಬಾಗಿಲಲ್ಲೇ ಕೆಲಸ ಮುಗಿಸಿ ಬಂದಳು. ಒಳಗಿನ ಪ್ರೋಗ್ರಾಮು ಸರ್‌ದು. ಅವರನ್ನು ಬಿಟ್ಟಂತಾಯಿತಲ್ಲ. ಅವರು ಸಿಟ್ಟಿಗೆದ್ದು ನಾಳೆ ಹತ್ತಕ್ಕೆ ಏನಾದರೂ ಮಾಡಿದರೆ ತಂಗಿಯ ಗತಿ? ಹಿಟ್ಟಿನ ಕೈಯಲ್ಲೇ ಫೋನ್ ಹಚ್ಚಿದೆ.

"ಸರ್, ನಮ್ಮ ರೊಟ್ಟಿ ಪುಟಕ್ಕ ನಿಮ್ಮ ಕಡಿಯಿಂದ ಒಂದು ಪರವಾನಗಿ ಚೀಟಿ ಬೇಕ್ರಿ."

"ಆಪಾ ತಾವೇ ಹಚ್ಚತೇನಿ ಅಂದಿದ್ರಲ್ರಿ ಅವ್ವಾ?"

"ಆಕಿಗಿ ಕೆಲಸ ಭಾಳ ಅವರಿ. ನೀವು ಮನಿಯವರು, ನೀವ ಹಚ್ಚಿದ್ರ ಚೆಂದ ಕಾಣ್ತದ್ರಿ."

ಸರ್‌ಗೆ ಖುಷಿಯಾಯಿತು. "ಆಯ್ತ್ರಿ ಅವ್ವಾ, ಈಗೇ ಹಚ್ಚಿಬಿಡ್ತೇನಿ" ಎಂದರು. ಹಚ್ಚಿದರು. ದೊಡ್ಡ ಕೆಲಸ ಮಾಡಿದೆ ಎಂದುಕೊಂಡು ನಾನು ಉಳಿದ ಹಿಟ್ಟು ಬಡಿದೆ.

ಸೋಮವಾರ ಒಂಬತ್ತೂವರೆಗೆ ಬುಟ್ಟಿಯಲ್ಲಿ ನಮ್ಮ ಎಂಬತ್ತು ರೊಟ್ಟಿ ಹೊತ್ತುಕೊಂಡು ಅಂಗಡಿಗೆ ಹೋದೆ. ಆಪಾ ತೊಡೆ ಬಡಿದುಕೊಳ್ಳುತ್ತಿದ್ದಳು. "ಆಯಿ, ಬಾ, ಕೆಂಪು ಬಂತು! ಮೊನ್ನೆ ಇರ್ಲಿಲ್ಲ, ಇವತ್ತು ಬಂತು!"

ಭಾಲ್ಕಿಯ ಮುಂದೆ ಖಾಲಿ. ಬುಟ್ಟಿ ಕೆಳಗಿಟ್ಟೆ. ಆಗಲೇ ತಂಗಿಯ ಫೋನು. ಆಕೆ ಅಲ್ಲಿ ತನ್ನ ಮೊಬೈಲಿನಲ್ಲಿ ಇದೇ ಪುಟ ತೆರೆದು ಕುಳಿತಿದ್ದಳು. "ಅಕ್ಕಾ, ಇನ್ನೂರ ನಲವತ್ತು ರೊಟ್ಟಿ ಮಾಡಿ ಕುಂತೇವಿ. ನಿಮ್ಮ ಪುಟದಾಗ ನಾವು ಸತ್ತೇವೇನು?"

"ತಡಿ, ಇನ್ನೂ ಹತ್ತಾಗಿಲ್ಲ" ಎಂದು ಇಟ್ಟೆ.

ಆಪಾ ಚಷ್ಮಾ ಏರಿಸಿ ಕೆಂಪು ಓದಿದಳು. "ಚೀಟಿ ಇಲ್ಲ ಅನ್ನವಲ್ದು. ಚೀಟಿ ಎರಡು ಅವ ಅಂತದ. ಒಂದೇ ಇರಬೇಕು, ಎರಡಿದ್ರ ಒಂದೂ ನಂಬಂಗಿಲ್ಲ ಅಂತದ. ನಾ ಒಂದೇ ಹಚ್ಚೇನಲ್ಲ. ಎರಡನೇದು ಎಲ್ಲಿಂದ ಬಂತು?"

ನಾನು ಮೂಲೆಗೆ ಹೋಗಿ ಚಹಾದ ಗ್ಲಾಸು ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

"ಆಯಿ" ಎಂದಳು.

"ಏನು?"

"ನೀ ಯಾರಿಗರೆ ಫೋನ್ ಮಾಡಿದ್ದೇನು?"

ಸುಳ್ಳು ಹೇಳಲು ಹೊತ್ತಿರಲಿಲ್ಲ. ಹೇಳಿದೆ. ಎರಡು ಒಲೆ, ಕುಂಕುಮ, ಸರ್, ಮರ್ಯಾದೆ, ಎಲ್ಲ ಹೇಳಿದೆ. ಆಪಾಳ ಹೊಟ್ಟೆಯಿಂದ ಒಂದು ಸದ್ದು ಬಂತು. ಆಮೇಲೆ ಆಕೆಯನ್ನು ಹಿಡಿಯುವವರು ಯಾರೂ ಇರಲಿಲ್ಲ. ಮೇಜಿನ ಮೇಲೆ ತಲೆ ಇಟ್ಟು ನಕ್ಕಳು, ಕುರ್ಚಿಯಲ್ಲಿ ತಿರುಗಿ ನಕ್ಕಳು. "ಯಂತ್ರಕ್ಕ... ಕುಂಕುಮ..." ಎಂದು ಮತ್ತೆ ಶುರು. ಗಡಿಯಾರ ನೋಡಿದೆ, ಹತ್ತಕ್ಕೆ ಹನ್ನೆರಡು ನಿಮಿಷ ಇತ್ತು.

"ನಗೋದು ಬಿಡು! ನನ್ನ ತಂಗಿ ಸಂಘ ಮುಚ್ಚತಾಳ! ಸರ್‌ಗಿ ಫೋನ್ ಮಾಡಿ ತೆಗಿ ಅನ್ನು!"

ಮಾಡಿದಳು. ಸರ್ ಪಾಠದಲ್ಲಿದ್ದರು, ಎತ್ತಲಿಲ್ಲ. "ಇರ್ಲಿ, ಅವರದು ಇರ್ಲಿ. ನಂದ ತೆಗೀತೇನಿ" ಎಂದು ಕೀಬೋರ್ಡಿನ ಮೇಲೆ ಕೈ ಇಟ್ಟಳು. ನಗುವಿನಲ್ಲಿ ಬೀಗದ ಮಾತು ತಪ್ಪು ಹೊಡೆದಳು. ಮತ್ತೊಂದು ಕೆಂಪು. ಅದಕ್ಕೂ ನಗು. ನಾನು ತೊಳೆದ ಗ್ಲಾಸಿನಲ್ಲೇ ನೀರು ತುಂಬಿ ಮುಖಕ್ಕೆ ಎರಚಿದೆ.

ಅದರಿಂದ ಏನೂ ಪ್ರಯೋಜನವಾಗಲಿಲ್ಲ. ನೀರು ಸುರಿಯುವ ಮುಖ ಎತ್ತಿ, "ಆಯಿ, ನೀ ಒಂದು ಗ್ಲಾಸ್ ಎರಚಿದಿ, ಒಳಗಿನ ಒಲಿಯವರು ಇನ್ನೊಂದು ಎರಚಲಿಲ್ಲಲ್ಲ" ಎಂದಳು. ಆಗ ನನಗೂ ಬಂತು. ತಡೆಯಲು ನೋಡಿದೆ, ಮೂಗಿನಿಂದ ಬಂತು. ತಂಗಿ ಮತ್ತೆ ಫೋನ್ ಮಾಡಿದಳು, ಎತ್ತಿದೆ, ಮಾತಾಡಲು ಆಗಲಿಲ್ಲ. ಆಕೆ, "ಅಕ್ಕಾ, ಅಳಬ್ಯಾಡ, ಹೋಗ್ಲಿ ಬಿಡು" ಎಂದಳು. ಅದನ್ನು ಕೇಳಿ ನಾನು ನೆಲಕ್ಕೆ ಕುಳಿತುಬಿಟ್ಟೆ.

ವಾರ್ಡನ್ ಬಾಯಿ ಬಾಗಿಲಲ್ಲಿ ನಿಂತಿದ್ದಳು. "ಏನ್ ನಡದದ್ರಿ ಇಲ್ಲಿ?"

"ಬರ್ರಿ ಬರ್ರಿ, ಕೂಡ್ರಿ" ಎಂದಳು ಆಪಾ. ಸೆರಗಿನಿಂದ ಮುಖ ಒರೆಸಿಕೊಂಡಳು, ತುಟಿ ಕಚ್ಚಿದಳು, ಬೀಗದ ಮಾತು ಒಂದೊಂದೇ ಅಕ್ಷರ ಒತ್ತಿದಳು. ತಾನು ಬರೆದ ಸಾಲು ಹುಡುಕಿ ಅಳಿಸಿದಳು. ಸರ್ವರ್‌ಗೆ ಮತ್ತೆ ಓದಿಸಿದಳು. ಪುಟ ಹೊಸದಾಗಿ ತೆರೆದಳು. ನಾನು ನೆಲದಿಂದಲೇ ಓದಿದೆ. ನೌಬಾದ, ಎಂಬತ್ತು. ಔರಾದ, ತೊಂಬತ್ತು. ಭಾಲ್ಕಿ, ಇನ್ನೂರ ನಲವತ್ತು.

ವಾರ್ಡನ್ ಪುಟವನ್ನು ಮೇಲಿಂದ ಕೆಳಗೆ ನೋಡಿದಳು. "ಚಲೋ ಆಗ್ಯದ. ನನಗ ಇವತ್ತು ಇನ್ನೂರು ಬೇಕು. ಮೂರು ಊರಿಂದ ಚೂರು ಚೂರು ಯಾಕ ತರ್ಲಿ? ಭಾಲ್ಕಿಯವ ಎಲ್ಲಾ ಒಂದೇ ಕಡಿ ಅವ, ಅವೇ ಬರ್ಲಿ. ದಿನಾ ಹೀಂಗೇ ನೋಡ್ತೇನಿ, ಯಾರವು ಸಾಕಷ್ಟು ಅವ ಅವರವು ತಗೋತೇನಿ." ಎದ್ದು ಹೋದಳು.

ನಮ್ಮ ಎಂಬತ್ತು ಬುಟ್ಟಿಯಲ್ಲೇ ಉಳಿದವು.

ನನ್ನ ನಗು ಅಲ್ಲಿಗೆ ನಿಂತಿತು. ತಂಗಿಯನ್ನು ಕಾಣಿಸಲು ನಾನು ಮೂರು ದಿನ ಹಾರಾಡಿದ್ದೆ, ಈಗ ಆಕೆ ನನ್ನ ರೊಟ್ಟಿಯ ಮೇಲೆ ಕುಳಿತಳು. "ಇದಕ್ಕೂ ನಗ್ತಿಯೇನು?" ಎಂದು ಆಪಾಳನ್ನು ಬೈದೆ. ಆಕೆ ನಗಲಿಲ್ಲ. ಡಬ್ಬಿ ತೆರೆದು ಶೇಂಗಾ ಚಟ್ನಿ ತೆಗೆದಳು, ಎಣ್ಣೆ ಹಾಕಿದಳು. ಆಟೋ ಸ್ಟ್ಯಾಂಡಿನವರನ್ನು ಕೂಗಿ ಕರೆದಳು, ಎದುರಿನ ದರ್ಜಿಯನ್ನು ಕರೆದಳು, ಬ್ಯಾಂಕಿನ ಕಾವಲುಗಾರನನ್ನೂ ಕರೆದಳು. ಒಬ್ಬೊಬ್ಬರ ಕೈಗೆ ನಾಲ್ಕು ನಾಲ್ಕು ರೊಟ್ಟಿ ಇಟ್ಟಳು. ತಾಸಿನೊಳಗೆ ಬುಟ್ಟಿ ಖಾಲಿ. ಕೊನೆಯ ನಾಲ್ಕನ್ನು ತಾನೇ ಇಟ್ಟುಕೊಂಡು ಕುರ್ಚಿಯಲ್ಲಿ ಕುಳಿತು, ತಿನ್ನುತ್ತಲೇ ಒಂದು ಕೈಯಿಂದ ನೌಬಾದಿನ ಮುಂದೆ ಸೊನ್ನೆ ಹಾಕಿದಳು.

"ಸೊನ್ನಿ ಯಾಕ ಹಾಕ್ದಿ?"

"ಮುಗದಾವಲ್ಲ. ಪುಟದಾಗ ಸುಳ್ಳು ಇರಬಾರದು."

ಎರಡು ನಿಮಿಷ ಆಗಿರಲಿಲ್ಲ, ಭಾಲ್ಕಿಯಿಂದ ಫೋನು. ತಂಗಿಯ ಹಿಂದೆ ಹನ್ನೆರಡು ಹೆಂಗಸರ ಗದ್ದಲ ಕೇಳುತ್ತಿತ್ತು. ಹಾಸ್ಟೆಲಿನ ಇನ್ನೂರು ರೊಟ್ಟಿ ಹನ್ನೊಂದರ ಬಸ್ಸಿಗೆ ಏರಿಸಿದ್ದರಂತೆ.

"ಅಕ್ಕಾ! ಪುಟದಾಗ ನಿಮ್ಮವು ಸೊನ್ನಿ ಆದ್ವಲ್ಲ! ಎಂಬತ್ತೂ ಒಂದೇ ತಾಸಿನಾಗ ಹೋದ್ವಾ? ಯಾರು ತಗೊಂಡ್ರು?"

ಆಪಾಳ ಕಡೆ ನೋಡಿದೆ. ಎರಡೂ ಕೆನ್ನೆ ಉಬ್ಬಿದ್ದವು, ಗದ್ದಕ್ಕೆ ಚಟ್ನಿ ಮೆತ್ತಿತ್ತು, ಕಣ್ಣಲ್ಲಿ ನೀರು. ಬ್ಯಾಡ, ಬ್ಯಾಡ ಎಂದು ಕೈ ಆಡಿಸುತ್ತಿದ್ದಳು.

"ದೊಡ್ಡ ಗಿರಾಕಿ ಬಂದಿತ್ತು" ಎಂದೆ.

"ದಿನಾ ಬರ್ತಾರಂತೇನು?"

"ತಡಿ, ಇಲ್ಲೇ ಅದಾರ, ಕೇಳ್ತೇನಿ" ಎಂದು ಆಪಾಳನ್ನು ಕೇಳಿದೆ. ಆಕೆ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಹೌದೆಂದು ತಲೆ ಆಡಿಸಿದಳು.